ವೈರಸ್ ಸೋಂಕಿನ ನಂತರ ಶ್ವಾಸಕೋಶದ ಕಲೆ ಉಳಿಯುತ್ತದೆಯೇ ಎಂದು ರಕ್ತದ ಜೀನ್ ಪರೀಕ್ಷೆ ಹೇಳಬಲ್ಲದೇ?

ನಿಮ್ಮ ಅಕ್ಕನಿಗೆ ವೈರಲ್ ನ್ಯುಮೋನಿಯಾ ವಾಸಿಯಾಗಿ ಮೂರು ತಿಂಗಳಾದರೂ ಸಿ.ಟಿ. ಸ್ಕ್ಯಾನಿನಲ್ಲಿ ಕಲೆ ಇದೆ, ಅದು ಫೈಬ್ರೋಸಿಸ್, ಅಂದರೆ ಗಟ್ಟಿಯಾಗಿ ಉಳಿಯುವ ಕಲೆ, ಆಗುತ್ತದೋ ಇಲ್ಲವೋ ತಿಳಿಯಲು ರಕ್ತದಲ್ಲಿ ಜೀನ್‌ಗಳ ಚಟುವಟಿಕೆಯನ್ನು ಅಳೆಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ ಎನ್ನುತ್ತೇನೆ. ನಾನು ವೈದ್ಯನಲ್ಲ, ರಕ್ತದಿಂದ ಆರ್‌ಎನ್‌ಎ (ಕೆಲಸದಲ್ಲಿರುವ ಜೀನ್‌ಗಳಿಂದ ಹೊರಡುವ ಪ್ರತಿ) ತೆಗೆದು ಓದುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು.

ಶ್ವಾಸಕೋಶದ ಸುದ್ದಿ ರಕ್ತದಲ್ಲಿ ಸಿಗುವುದು ಹೇಗೆ ಎಂಬ ನಿಮ್ಮ ಅನುಮಾನ ಸರಿಯಾದದ್ದೇ. ಕಲೆಯ ನಾರಾದ ಕೊಲಾಜನ್ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳು ಇರುವುದು ಶ್ವಾಸಕೋಶದೊಳಗೆ. ಆದರೆ ಅವುಗಳಿಗೆ ಕುಮ್ಮಕ್ಕು ಕೊಡುವ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಹೋಗುವುದು ರಕ್ತದ ಮೂಲಕವೇ. ಗಾಳಿಗೂಡುಗಳ ಒಳಪದರ ಹಾಳಾದಾಗ ಅಲ್ಲಿಗೆ ನುಗ್ಗಿ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳಾಗಿ, ಕಲೆ ಕಟ್ಟಲು ಪ್ರಚೋದಿಸುವ ಟಿಜಿಎಫ್-ಬೀಟಾದಂಥ ಸಂಕೇತಗಳನ್ನು ಬಿಡುತ್ತವೆ. ರಕ್ತ ನೋಡಿ ಶ್ವಾಸಕೋಶದ ಸ್ಥಿತಿ ಹೇಳುವುದೆಂದರೆ, ಬೀದಿಯಲ್ಲಿ ಹೋಗುವವರ ಮುಖ ನೋಡಿ ಮನೆಯೊಳಗಿನ ಜಗಳವನ್ನು ಊಹಿಸಿದಂತೆ.

ಕಾರಣ ತಿಳಿಯದೆ ಬರುವ ಐಪಿಎಫ್ ಎಂಬ ಫೈಬ್ರೋಸಿಸ್‌ನಲ್ಲಿ ಈ ಊಹೆ ಒಂದಷ್ಟು ಫಲ ಕೊಟ್ಟಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ರಕ್ತದ 52 ಜೀನ್‌ಗಳನ್ನು ಆಧರಿಸಿ, ಸಾವಿನ ಅಪಾಯ ಹೆಚ್ಚಿರುವವರನ್ನು ಬೇರ್ಪಡಿಸಿತು. ಅಂಥವರಲ್ಲಿ 7 ಜೀನ್‌ಗಳ ಚಟುವಟಿಕೆ ಏರಿತ್ತು, 45ರದ್ದು ಇಳಿದಿತ್ತು. ಇಳಿದವುಗಳಲ್ಲಿ ಟಿ ಕೋಶಗಳ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಒಂದು ಬಗೆಯ, ಜೀನ್‌ಗಳೂ ಇದ್ದವು. ಮುಂದೆ ಕೋವಿಡ್ ರೋಗಿಗಳಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ ಕೆಲಸಕ್ಕೆ ಬಂತು. ಆದರೆ ಅಲ್ಲಿಯೂ ಅದು ಸೂಚಿಸಿದ್ದು ಸಾವಿನ ಅಪಾಯವನ್ನು. ಬದುಕಿ ಮನೆಗೆ ಬಂದವರ ಕಲೆ ಕರಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಒಬ್ಬರ ವರದಿಯನ್ನು ನಂಬಲು ನಾನು ಹಿಂಜರಿಯುವುದು ಮೊದಲಿಗೆ ರಕ್ತ ಹಿಡಿಯುವ ಕೊಳವೆಯ ಕಾರಣಕ್ಕೆ. ಮೈಯಿಂದ ಹೊರಬಂದ ಮೇಲೂ ರಕ್ತದ ಕೋಶಗಳು ಸುಮ್ಮನಿರುವುದಿಲ್ಲ, ಇಟ್ಟಷ್ಟು ಹೊತ್ತೂ ಜೀನ್‌ಗಳ ಮಟ್ಟ ಏರಿಳಿಯುತ್ತದೆ. ಕೋಶಗಳನ್ನು ತಕ್ಷಣ ಒಡೆದು ಆರ್‌ಎನ್‌ಎ ಕೆಡದಂತೆ ಹಿಡಿದಿಡುವ ದ್ರಾವಣ ಕೊಳವೆಯಲ್ಲಿರಬೇಕು, ರಕ್ತ ತುಂಬಿದೊಡನೆ ಅದನ್ನು ಮೆಲ್ಲಗೆ ಎಂಟು-ಹತ್ತು ಬಾರಿ ತಲೆಕೆಳಗು ಮಾಡಬೇಕು. ಅಷ್ಟಾದರೂ ಸಿಗುವ ಸಂದೇಶವಾಹಕ ಆರ್‌ಎನ್‌ಎಯಲ್ಲಿ ಬಹುಪಾಲು ಹಿಮೋಗ್ಲೋಬಿನ್ ಕಟ್ಟುವ ಗ್ಲೋಬಿನ್ ಪ್ರೋಟೀನ್‌ನದೇ. ಅದನ್ನು ತೆಗೆಯದಿದ್ದರೆ ಬೇಕಾದದ್ದು ಅದರಡಿ ಮುಚ್ಚಿಹೋಗುತ್ತದೆ. ಇನ್ನು ಸ್ಟೀರಾಯ್ಡ್: ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಹೆಚ್ಚಿ ಲಿಂಫೋಸೈಟ್ ಕಡಿಮೆಯಾಗುತ್ತದೆ. ಆಗ ಒಂದೊಂದು ಕೋಶದೊಳಗೆ ಏನೂ ಬದಲಾಗದಿದ್ದರೂ ಟಿ ಕೋಶಗಳ ಜೀನ್‌ಗಳು ಇಳಿದಂತೆ ಕಾಣುತ್ತವೆ! ಗ್ರಾಫ್ ಎಷ್ಟೇ ಬಣ್ಣಬಣ್ಣವಾಗಿರಲಿ, ರಕ್ತಕಣಗಳ ಎಣಿಕೆ ಜೊತೆಗಿಲ್ಲದ ವರದಿಯನ್ನು ನಾನು ಬದಿಗಿಡುತ್ತೇನೆ.

ಅಕ್ಕನ ಸ್ಕ್ಯಾನ್ ವರದಿಯನ್ನು ಇನ್ನೊಮ್ಮೆ ಓದಿ. ಬರೀ ಗ್ರೌಂಡ್ ಗ್ಲಾಸ್ ಮಬ್ಬು (ಉಜ್ಜಿದ ಗಾಜಿನಂತೆ ಕಾಣುವ ಮಸುಕು) ಎಂದಿದ್ದರೆ ಅದು ತಿಂಗಳುಗಳಲ್ಲಿ ಕರಗುವುದುಂಟು. ಟ್ರ್ಯಾಕ್ಷನ್ ಬ್ರಾಂಕಿಯೆಕ್ಟಾಸಿಸ್, ಅಂದರೆ ಕಲೆಯ ಎಳೆತಕ್ಕೆ ಶ್ವಾಸನಾಳಗಳು ಹಿಗ್ಗಿವೆ ಎಂದು ಬರೆದಿದ್ದರೆ ಶ್ವಾಸಕೋಶ ತಜ್ಞರನ್ನು ಬೇಗ ಕಾಣಬೇಕು. ಎರಡರಲ್ಲಿ ಯಾವುದಾದರೂ, ಡಿಎಲ್‌ಸಿಒ ಎಂಬ ಉಸಿರಿನ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಉಸಿರಿನ ಅನಿಲ ರಕ್ತಕ್ಕೆ ಎಷ್ಟು ಸಲೀಸಾಗಿ ದಾಟುತ್ತದೆ ಎಂದು ಅದು ನೇರವಾಗಿ ಅಳೆಯುತ್ತದೆ, ಕೆಲವು ತಿಂಗಳ ನಂತರ ಮತ್ತೆ ಮಾಡಿಸಿ ಹೋಲಿಸಲೂಬಹುದು.