ರಸ್ತೆ ಅಗಲವಾದರೆ ಜಾಮ್ ತಪ್ಪುತ್ತದೆಯೇ?

ಪ್ರಶ್ನೆ: ಮೇಡಂ, ಕಂಕನಾಡಿ ಹತ್ತಿರ ನಮ್ಮ ತಂದೆಯ ಕಾಲದ ಜಿನಸು ಅಂಗಡಿ ಇದೆ. ರಸ್ತೆ ಅಗಲ ಮಾಡಲಿಕ್ಕೆ ಎದುರಿನ ಜಾಗ ಬಿಡಬೇಕೆಂಬ ಮಾತು ಬಂದಿದೆ. ಬಿಟ್ಟರೆ ಅಂಗಡಿಯ ಜಗಲಿ ಪೂರ್ತಿ ಹೋಗುತ್ತದೆ. ಆದರೆ ಸಂಜೆ ಹೊತ್ತು ಆಂಬುಲೆನ್ಸ್ ಕೂಡ ಸಿಕ್ಕಿಹಾಕಿಕೊಳ್ಳುವುದನ್ನು ನೋಡುವಾಗ ಬೇಡ ಅನ್ನಲಿಕ್ಕೆ ಮನಸ್ಸು ಬರುವುದಿಲ್ಲ. ಅಗಲ ಮಾಡಿದರೆ ಜಾಮ್ ನಿಜವಾಗಿ ಕಡಿಮೆ ಆಗುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಕಾರು ಓಡಲಿಕ್ಕೆಂದು ಮಾತ್ರ ಅಗಲ ಮಾಡುವುದಾದರೆ, ಇಲ್ಲ. ಆಯುಷ್ಯವಿಡೀ ರಸ್ತೆ ಕೆಲಸದಲ್ಲೇ ಕಳೆದವಳಾಗಿ ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಪೇಟೆಯ ರಸ್ತೆಯಲ್ಲಿ ಎಷ್ಟು ವಾಹನ ಹೋದೀತು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಅಂಗಡಿ ಎದುರಿನ ಅಗಲ ಅಲ್ಲ, ಮುಂದಿನ ಸರ್ಕಲ್. ಸಿಗ್ನಲಿನಲ್ಲಿ ಹಸಿರು ದೀಪ 30 ಸೆಕೆಂಡು ಇದ್ದರೆ ಒಂದು ಸಾಲಿನಿಂದ ದಾಟುವುದು ಹೆಚ್ಚುಕಡಿಮೆ 15 ಕಾರು. ಹಿಂದಿನ ಅರ್ಧ ಕಿಲೋಮೀಟರ್ ರಸ್ತೆಯನ್ನು ಎಷ್ಟು ಹಿಗ್ಗಿಸಿದರೂ ಆ ಲೆಕ್ಕ ಬದಲಾಗುವುದಿಲ್ಲ. ಒಂದು ಸಾಲಾಗಿ ಕಾಯುತ್ತಿದ್ದವರು ಎರಡು ಸಾಲಾಗಿ ಕಾಯುತ್ತಾರೆ, ಸರ್ಕಲಿನ ಬಾಯಲ್ಲಿ ಒಬ್ಬರ ಮೇಲೊಬ್ಬರು ನುಗ್ಗುತ್ತಾರೆ. ಪಂಪ್‌ವೆಲ್ ಫ್ಲೈಓವರ್ 2020ರ ಜನವರಿಯಲ್ಲಿ ತೆರೆದದ್ದು ನಿಮಗೆ ನೆನಪಿರಬಹುದು. ಅಲ್ಲಿ ಉಳಿತಾಯವಾದ ನಿಮಿಷಗಳನ್ನು ಅದೇ ಹೆದ್ದಾರಿಯ ನಂತೂರು ಸರ್ಕಲಿನಲ್ಲಿ ನಿಂತು ಕಳೆದವರು ಈ ಊರಿನಲ್ಲಿ ಎಷ್ಟು ಜನ ಬೇಕು?

ಇನ್ನೊಂದು ಸಂಗತಿ ಇದೆ. ರಸ್ತೆ ಖಾಲಿ ಕಂಡ ಕೂಡಲೇ ಹೊಸ ವಾಹನ ಬರುತ್ತದೆ. ಇಷ್ಟು ದಿನ ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ರಶ್ ತಪ್ಪಿಸಲು ಹತ್ತೂವರೆಗೆ ಹೊರಡುತ್ತಿದ್ದವರು ಒಂಬತ್ತಕ್ಕೇ ಹೊರಡುತ್ತಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಹಿಗ್ಗಿಸಿ ಮುಗಿಸಿದರು. ಬದಿಯ ಸರ್ವಿಸ್ ರಸ್ತೆ ಸೇರಿಸಿದರೆ ಕೆಲವು ಕಡೆ 26 ಸಾಲು! ಆದರೂ 2011ರಿಂದ 2014ರೊಳಗೆ ಬೆಳಿಗ್ಗೆ, ಸಂಜೆ ಆ ದಾರಿಯಲ್ಲಿ ಹಿಡಿಯುವ ಸಮಯ ಮತ್ತೆ ಏರಿತು. ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಆ ದೇಶದ ನಗರಗಳ ಲೆಕ್ಕ ತೆಗೆದು 2011ರಲ್ಲಿ ತೋರಿಸಿದ್ದೂ ಇದನ್ನೇ: ರಸ್ತೆ ಎಷ್ಟು ಪಾಲು ಹೆಚ್ಚುತ್ತದೋ ವಾಹನಗಳ ಓಟವೂ ಹತ್ತಿರಹತ್ತಿರ ಅಷ್ಟೇ ಪಾಲು ಹೆಚ್ಚುತ್ತದೆ. ಅಷ್ಟು ಜಾಗ, ಅಷ್ಟು ದುಡ್ಡು ಇದ್ದವರಿಗೇ ದಕ್ಕದ್ದು ಗುಡ್ಡ, ಏರು, ತೋಡುಗಳ ನಡುವೆ ಇರುವ ನಮ್ಮ ಮಂಗಳೂರಿಗೆ ದಕ್ಕೀತೇ?

ನಮ್ಮ ಮನೆಯ ಹತ್ತಿರ ಅಗಲವಾದ ಒಂದು ರಸ್ತೆಯನ್ನು ದಿನಾ ನೋಡುತ್ತೇನೆ. ಕಾಂಪೌಂಡು ಒಡೆದು ಜಾಗ ಬಿಟ್ಟುಕೊಟ್ಟವರು ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದರು. ಡಾಂಬರು ಬಂತು. ಆದರೆ ಕರೆಂಟ್ ಕಂಬ ಇದ್ದಲ್ಲೇ ಉಳಿಯಿತು, ಅದರ ಪಕ್ಕ ಟ್ರಾನ್ಸ್‌ಫಾರ್ಮರ್. ಒಂದು ಕಂಬಕ್ಕೂ ಇನ್ನೊಂದು ಕಂಬಕ್ಕೂ ನಡುವೆ ಈಗ ಬೆಳಗಿನಿಂದ ರಾತ್ರಿವರೆಗೆ ಕಾರು ನಿಂತಿರುತ್ತದೆ. ಚರಂಡಿಯ ಚಪ್ಪಡಿ ಒಂದು ಮೇಲೆ, ಒಂದು ಕೆಳಗೆ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಜಡಿಮಳೆಯಲ್ಲಿ ಅದರ ಮೇಲೆ ಕಾಲಿಡಲು ಹೆದರಿ ಬಸ್ಸಿನ ಎದುರಿಗೇ ಇಳಿದು ನಡೆಯುತ್ತಾರೆ. ಜನ ಬಿಟ್ಟುಕೊಟ್ಟ ಜಾಗ ಪುಕ್ಕಟೆ ಪಾರ್ಕಿಂಗ್ ಆಯಿತು, ಅಷ್ಟೆ. ನನಗೆ ಸಿಟ್ಟು ಬರುವುದು ಇಲ್ಲಿ.

ಆಂಬುಲೆನ್ಸ್ ಬಗ್ಗೆ ನೀವು ಬರೆದದ್ದು ಮನಸ್ಸಿಗೆ ತಟ್ಟಿತು. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದೆಲ್ಲ ರೋಗಿಗಳು ಬರುವ ಊರು ಇದು. ಇವತ್ತು ಸಂಜೆ ಸೈರನ್ ಕೇಳಿದಾಗ ಜಗಲಿಯಲ್ಲಿ ನಿಂತು ಗಮನಿಸಿ. ಎದುರಿನ ವಾಹನ ಎಡಕ್ಕೆ ಸರಿಯಲು ನೋಡುತ್ತದೆ, ಎಡಗಡೆ ನಿಲ್ಲಿಸಿಟ್ಟ ಕಾರು ಇರುತ್ತದೆ. ಎರಡೂ ಬದಿಯ ಪಾರ್ಕಿಂಗ್ ಎಬ್ಬಿಸಿದರೆ ಯಾರ ಗೋಡೆಯನ್ನೂ ಒಡೆಯದೆ ಅಷ್ಟು ಅಗಲ ಇವತ್ತೇ ಸಿಗುತ್ತದೆ.

ಹಾಗಂತ ಒಂದಿಂಚೂ ಬಿಡಬೇಡಿ ಎಂದು ನಾನು ಹೇಳುವುದಿಲ್ಲ. ಸರ್ಕಲಿಗೆ ಸೇರುವ ಕೊನೆಯ ಐವತ್ತು ಅರುವತ್ತು ಮೀಟರಿನಲ್ಲಿ ಎಡಕ್ಕೆ ತಿರುಗುವವರಿಗೆ ಬೇರೆ ಸಾಲು ಕೊಟ್ಟರೆ ನಿಜವಾಗಿ ಉಪಯೋಗ ಉಂಟು. ಬಸ್ ಸ್ಟಾಪನ್ನು ಸರ್ಕಲಿನ ಬಾಯಿಂದ ಎಬ್ಬಿಸಿ ಮುಂದಕ್ಕೆ ಹಾಕಲಿಕ್ಕೂ ಜಾಗ ಬೇಕು. ಮೂರು ಕಾರಿನ ಜಾಗ ಹಿಡಿಯುವ ಸಿಟಿ ಬಸ್ಸು ಐವತ್ತು ಜನರನ್ನು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಮೂರು ಕಾರಿನಲ್ಲಿ ಹೋಗುವವರು ಐದೋ ಆರೋ ಮಂದಿ. ಫುಟ್‌ಪಾತಿಗೆ ಅಡೆತಡೆ ಇಲ್ಲದ 1.8 ಮೀಟರ್ ಆದರೂ ಬೇಕೆಂದು ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮವೇ ಹೇಳುತ್ತದೆ. ಇವುಗಳಿಗಾದರೆ ನಿಮ್ಮ ಜಗಲಿ ಕೊಡಿ, ನಿಮ್ಮ ಗಿರಾಕಿಗಳೂ ನಡೆದೇ ಬರುವವರಲ್ಲವೇ.

ಆದರೆ ಸಹಿ ಹಾಕುವ ಮೊದಲು ನಕ್ಷೆ ಕೇಳಿ. ರಸ್ತೆಯ ಅಡ್ಡ ಸೀಳು ತೋರಿಸುವ ಚಿತ್ರ ಅದರಲ್ಲಿ ಇರುತ್ತದೆ: ಫುಟ್‌ಪಾತು ಎಷ್ಟು, ಚರಂಡಿ ಎಷ್ಟು, ಕಂಬ ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಅಲ್ಲಿ ಕಾಣಬೇಕು. ಕಂಬ ಸಾಗಿಸುವ ಖರ್ಚು ಅಂದಾಜುಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಸಾಗುವುದಿಲ್ಲ ಎಂದೇ ತಿಳಿಯಿರಿ. ಜಾಗಕ್ಕೆ ಬದಲಾಗಿ ಟಿಡಿಆರ್, ಅಂದರೆ ದುಡ್ಡಿನ ಬದಲು ಬೇರೆ ಕಡೆ ಹೆಚ್ಚು ಕಟ್ಟಿಕೊಳ್ಳುವ ಅಥವಾ ಮಾರಿಕೊಳ್ಳುವ ಹಕ್ಕಿನ ಪತ್ರ, ಕೊಡುತ್ತೇವೆ ಎಂದರೆ ಅದನ್ನು ಒಪ್ಪಲೇಬೇಕು ಎಂದಿಲ್ಲ. ಚಿಕ್ಕ ಅಂಗಡಿಯವರಿಗೆ ಆ ಪತ್ರ ಮಾರುವುದೇ ಒಂದು ತಲೆನೋವು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ದುಡ್ಡಿನ ಪರಿಹಾರ ಕೊಡಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಸಾಲಿನ ಅಂಗಡಿಯವರೆಲ್ಲ ಒಟ್ಟಿಗೆ ಹೋಗಿ.

ಪ್ರಶ್ನೆ: ನಮ್ಮಲ್ಲಿ ರಸ್ತೆ ಅಗಲೀಕರಣಕ್ಕೆ ಸಾಲುಮರಗಳಿಗೆ ನಂಬರ್ ಹಾಕಿದ್ದಾರೆ. ನಾವು ಏನಾದರೂ ಮಾಡಬಹುದೇ?
– ಓದುಗರು, ಉಡುಪಿ

ಉತ್ತರ: ಮಾಡಬಹುದು, ಮಾಡಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಮರಗಳು 50ಕ್ಕಿಂತ ಹೆಚ್ಚಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ನಂಬರುಗಳ ಫೋಟೋ ತೆಗೆದಿಡಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ಅರ್ಜಿಯ ಪ್ರತಿ ಕೇಳಿ, ಯಾವ ಮರವನ್ನು ಫುಟ್‌ಪಾತಿನ ಒಳಗೇ ಉಳಿಸಬಹುದು ಎಂದು ಒಂದೊಂದಾಗಿ ನಂಬರ್ ಸಮೇತ ಬರೆದು ಕೊಡಿ. ಗಡುವು ಮುಗಿದ ಮೇಲೆ ಕೊಟ್ಟ ಆಕ್ಷೇಪಣೆಗೆ ಬೆಲೆ ಇರುವುದಿಲ್ಲ, ಈ ವಾರವೇ ಹೋಗಿ.