ಸುಲಭವಾಗಿ ತೊಟ್ಟು ಬಿಚ್ಚಬಹುದಾದ ವೆಟ್‌ಸೂಟ್ ವಿನ್ಯಾಸ ಮಾಡುವಾಗ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಪ್ರಾಡಕ್ಟ್ ಡಿಸೈನ್ ಪ್ರಾಜೆಕ್ಟಿಗಾಗಿ ಬೇಗ ತೊಟ್ಟು ಬೇಗ ಬಿಚ್ಚಬಹುದಾದ ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿಯಾದ ರಬ್ಬರ್ ಉಡುಪು) ಮಾಡಬೇಕು, ಜಿಪ್ ಉದ್ದ ಮಾಡಿ ಒಳಗೆ ಜಾರುವ ಬಟ್ಟೆ ಕೊಟ್ಟರೆ ಸಾಕೇ?

ಸಾಕಾಗುವುದಿಲ್ಲ. ಎರಡೂ ಉಪಯೋಗಕ್ಕೆ ಬರುತ್ತವೆ, ನಿಜ. ಆದರೆ ಜನ ಒದ್ದಾಡುವುದು ಮುಖ್ಯವಾಗಿ ಮೂರು ಕಡೆ: ಹಿಮ್ಮಡಿ, ಅಂಗೈ, ಭುಜ. ಮೈಯ ಅಗಲವಾದ ಭಾಗ ಸೂಟಿನ ಕಿರಿದಾದ ಭಾಗದೊಳಗೆ ತೂರಬೇಕಾದ ಜಾಗಗಳು ಇವು. ಇನ್ನೊಂದು ಕಡೆ, ಸೂಟು ಬಿಗಿಯಾಗಿ ಇರಲೇಬೇಕು. ಸೂಟಿನ ನಿಯೋಪ್ರೀನ್ (ಕೃತಕ ರಬ್ಬರು) ಫೋಮಿನೊಳಗಿನ ಗಾಳಿಗುಳ್ಳೆಗಳು ಶಾಖವನ್ನು ತಡೆಯುತ್ತವೆ, ಆದರೆ ಸಡಿಲ ಜಾಗದಲ್ಲಿ ತಣ್ಣೀರು ಒಳಹೊರಗೆ ಹರಿದಾಡಿದರೆ ಆ ತಡೆ ವ್ಯರ್ಥ. ಹೀಗಾಗಿ ಸೂಟಿನ ಬಾಯಿ ದೊಡ್ಡದಾದಷ್ಟೂ ತೊಡುವುದು ಸುಲಭ, ನೀರು ನುಗ್ಗುವುದೂ ಸುಲಭ. ಇದರಿಂದ ಹೊರಬರಲು ನನಗೆ ಗೊತ್ತಿರುವ ದಾರಿ ಒಂದೇ: ತೆರೆಯುವ ಕೆಲಸ ಒಂದು ಭಾಗಕ್ಕೆ, ನೀರು ತಡೆಯುವ ಕೆಲಸ ಇನ್ನೊಂದು ಭಾಗಕ್ಕೆ ಕೊಡಿ. ಎರಡನ್ನೂ ಒಂದೇ ಪಟ್ಟಿಯ ಮೇಲೆ ಹೇರಿದ ಕಡೆಯೆಲ್ಲ ಸೂಟು ಕಾಟ ಕೊಡುತ್ತದೆ.

ಮೊದಲು ಟೇಪ್ ಹಿಡಿದು ಅಳೆಯಿರಿ. ಸಾಮಾನ್ಯ ವಯಸ್ಕರಲ್ಲಿ ಕಣಕಾಲಿನ ಅತಿ ಸಣ್ಣ ಸುತ್ತಳತೆ 22 ಸೆಂ.ಮೀ. ಆಸುಪಾಸು ಇದ್ದರೆ, ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಭಾಗವನ್ನು ಬಳಸಿ ಬರುವ ಸುತ್ತಳತೆ 33 ಸೆಂ.ಮೀ. ಇರುತ್ತದೆ. ನೀರು ತಡೆಯಲು ಕಾಲಿನ ಅಂಚನ್ನು 20 ಸೆಂ.ಮೀ.ಗೆ ಹೊಲಿದರೆ, ಹಿಮ್ಮಡಿ ದಾಟುವಾಗ ಆ ಅಂಚು ಶೇ. 65ರಷ್ಟು ಹಿಗ್ಗಬೇಕು. ಮಣಿಕಟ್ಟಿನದೂ ಇದೇ ಕಥೆ, ಆದರೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಬಹುದಾದ್ದರಿಂದ ತುಸು ವಾಸಿ. ಹಿಮ್ಮಡಿಯನ್ನು ಮಡಚುವಂತಿಲ್ಲ.

ಹಿಗ್ಗುವುದು ಒಂದು ಭಾಗ, ಘರ್ಷಣೆ ಇನ್ನೊಂದು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ ಇಡೀ ವಿನ್ಯಾಸದ ದಿಕ್ಕು ಸಿಗುತ್ತದೆ. ಕಾಲಿಗೆ ಬಿಗಿಯಾಗಿ ಕೂತ ಕೊಳವೆಯನ್ನು ಜಾರಿಸಲು ಬೇಕಾದ ಬಲ = 2π × ಘರ್ಷಣಾಂಕ (ಬಟ್ಟೆ ಚರ್ಮಕ್ಕೆ ಎಷ್ಟು ಹಿಡಿಯುತ್ತದೆ ಎಂಬ ಅಂಕಿ) × ಬಟ್ಟೆಯ ಸುತ್ತುಬಿಗಿತ (ಕೊಳವೆಯ ಉದ್ದದ ಪ್ರತಿ ಮಿ.ಮೀ.ಗೆ ಸುತ್ತಲೂ ಇರುವ ಎಳೆತ) × ಚರ್ಮಕ್ಕೆ ತಾಗಿರುವ ಉದ್ದ. ಕಾಲು ಎಷ್ಟು ದಪ್ಪ ಎಂಬುದು ಈ ಸೂತ್ರದಲ್ಲಿ ಬರುವುದೇ ಇಲ್ಲ, ಉದ್ದ ಬರುತ್ತದೆ. ಉದಾಹರಣೆಗೆ ಘರ್ಷಣಾಂಕ 0.5, ಬಿಗಿತ ಮಿ.ಮೀ.ಗೆ 0.2 ನ್ಯೂಟನ್, ಉದ್ದ 500 ಮಿ.ಮೀ. ಎಂದು ಹಿಡಿಯಿರಿ. ಉತ್ತರ ಸುಮಾರು 314 ನ್ಯೂಟನ್, ಅಂದರೆ 32 ಕೆ.ಜಿ. ತೂಕ ಎತ್ತುವಷ್ಟು ಎಳೆತ. ಅದೇ 100 ಮಿ.ಮೀ. ಮಾತ್ರ ತಾಗಿದ್ದರೆ ಆರೂವರೆ ಕೆ.ಜಿ.ಗಿಂತ ಕಡಿಮೆ. ಸೊಂಟದ ಹತ್ತಿರ ಹಿಡಿದು ಎಳೆದರೆ ಸೂಟು ಮಿಸುಕದೆ, ಕೆಳಗಿನಿಂದ ಇಷ್ಟಿಷ್ಟೇ ಮೇಲೇರಿಸಿದರೆ ಬರುವುದು ಇದಕ್ಕೇ. ಮೇಲಾಗಿ, ಉದ್ದಕ್ಕೆ ಎಳೆದ ಕೊಳವೆ ಅಗಲದಲ್ಲಿ ಕುಗ್ಗುತ್ತದೆ, ಎಳೆದಷ್ಟೂ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಸೊಂಟದಲ್ಲಿ ಗಟ್ಟಿ ಎಳೆಪಟ್ಟಿ ಹೊಲಿದು "ಸುಲಭ ಸೂಟ್" ಎಂದು ಕರೆಯುವವರು ಈ ಲೆಕ್ಕ ಮಾಡಿರುವುದಿಲ್ಲ.

ಕಾಲಿನ ಅಂಚನ್ನು ಸುಧಾರಿಸುವ ಅತಿ ಅಗ್ಗದ ಉಪಾಯ ಕತ್ತರಿಯದು. 7 ಸೆಂ.ಮೀ. ವ್ಯಾಸದ ಕೊಳವೆಯನ್ನು ನೇರ ಕತ್ತರಿಸಿದರೆ ಬಾಯಿಯ ಸುತ್ತಳತೆ 22 ಸೆಂ.ಮೀ. ಅದನ್ನೇ 45 ಡಿಗ್ರಿ ಓರೆಯಾಗಿ, ಹಿಂಭಾಗ ಎತ್ತರಕ್ಕೆ ಬರುವಂತೆ ಕತ್ತರಿಸಿದರೆ ಬಾಯಿ ಅಂಡಾಕಾರವಾಗಿ ಸುಮಾರು 26.7 ಸೆಂ.ಮೀ. ಆಗುತ್ತದೆ. ಒಂದು ಹೊಲಿಗೆಯೂ ಹೆಚ್ಚಿಲ್ಲ, ಬಾಯಿ ಮಾತ್ರ ಶೇ. 20ಕ್ಕಿಂತ ಹೆಚ್ಚು ದೊಡ್ಡದು, ಅದೂ ಹಿಮ್ಮಡಿ ಸಿಕ್ಕಿಬೀಳುವ ಕಡೆಗೇ. ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಸೇರಿದ ಸ್ಪರ್ಧೆ) ಸೂಟುಗಳಲ್ಲಿ ಕಾಲಿನ ಹಿಂಭಾಗ ಮೇಲೆ ಕತ್ತರಿಸಿರುವುದನ್ನು ನೋಡಿರಬಹುದು. ಅಲ್ಲಿ ಈಜು ಮುಗಿದೊಡನೆ ಸೆಕೆಂಡುಗಳ ಲೆಕ್ಕದಲ್ಲಿ ಬಿಚ್ಚಬೇಕು, ಹಾಗಾಗಿ ಮೀನಖಂಡದ ಕೆಳಭಾಗ ಬರಿದಾಗಿದ್ದರೂ ನಡೆಯುತ್ತದೆ. ಗಂಟೆಗಟ್ಟಲೆ ತಣ್ಣೀರಿನಲ್ಲಿ ಇರುವವರಿಗೆ ಓರೆಯನ್ನು 30 ಡಿಗ್ರಿಗೆ ಇಳಿಸಿ, ಒಳಗಡೆ ತೆಳುವಾದ ಎರಡನೇ ಅಂಚು ಕೊಡಿ. 1.5ರಿಂದ 2 ಮಿ.ಮೀ. ದಪ್ಪದ, 6 ಸೆಂ.ಮೀ. ಅಗಲದ, ಲೈನಿಂಗ್ ಇಲ್ಲದ ನುಣುಪು ರಬ್ಬರಿನ ಮುಖ ಚರ್ಮಕ್ಕೆ ತಾಗುವ ಪಟ್ಟಿ ಸಾಕು. ಹೊರಗಿನದು ತೆರೆಯಲಿ, ಒಳಗಿನದು ತಡೆಯಲಿ.

ಕಣಕಾಲಿಗೆ ಜಿಪ್ ಹಾಕುವುದಾದರೆ 15 ಸೆಂ.ಮೀ. ಸಾಕು, ಹಿಂದೆ ಮಡಿಕೆಯ ಒಳಪಟ್ಟಿ ಕಡ್ಡಾಯ. ಮಣಿಕಟ್ಟಿಗೆ ಜಿಪ್ ಬೇಡ ಎಂದೇ ನನ್ನ ಸಲಹೆ. ತಣ್ಣಗೆ ಮರಗಟ್ಟಿದ ಬೆರಳುಗಳಿಂದ, ಒಂದೇ ಕೈಯಲ್ಲಿ, ಇನ್ನೊಂದು ಕೈಯ ಸಣ್ಣ ಜಿಪ್ ಎಳೆಯುವುದು ಎಷ್ಟು ಕಷ್ಟ ಎಂದು ಕಾಗದದ ಮೇಲೆ ಗೊತ್ತಾಗುವುದಿಲ್ಲ.

ದಪ್ಪದ ವಿಷಯಕ್ಕೆ ಬಂದರೆ, ಹಿಗ್ಗಿಸುವ ಬಲ ದಪ್ಪಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ, ಬಗ್ಗಿಸುವ ಬಲ ಹೆಚ್ಚುಕಡಿಮೆ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 3 ಮಿ.ಮೀ. ಬದಲು 5 ಮಿ.ಮೀ. ಹಾಕಿದರೆ ಹಿಗ್ಗಿಸಲು ಬೇಕಾದ ಬಲ ಒಂದೂ ಮುಕ್ಕಾಲು ಪಟ್ಟಿಗಿಂತ ತುಸು ಕಡಿಮೆ, ಬಗ್ಗಿಸಲು ಸುಮಾರು ನಾಲ್ಕೂವರೆ ಪಟ್ಟು. ಎರಡೂ ಮುಖಕ್ಕೆ ಬಟ್ಟೆ ಅಂಟಿರುವುದರಿಂದ ಈ ಅಂಕಿ ನಿಖರವಲ್ಲ, ದಿಕ್ಕು ಮಾತ್ರ ಸರಿ. ಬಿಚ್ಚುವಾಗ ಸೂಟು ಒಳಹೊರಗಾಗಿ ಮಗುಚಬೇಕು, ಮಗುಚುವುದೆಂದರೆ ಬಗ್ಗುವುದೇ. ಆದ್ದರಿಂದ ಮುಂಡಕ್ಕೆ 4 ಅಥವಾ 5 ಮಿ.ಮೀ. ಇಟ್ಟರೂ ತೋಳಿಗೆ 3, ಭುಜ ಮತ್ತು ಕಂಕುಳಿಗೆ 2, ಕೈಕಾಲಿನ ಕೊನೆಯ 10 ಸೆಂ.ಮೀ.ಗೆ 2 ಮಿ.ಮೀ. ಇಡಿ. ಆ ಕೊನೆಯ 10 ಸೆಂ.ಮೀ.ನಲ್ಲಿ ಅಂಟುಪಟ್ಟಿ ಹಚ್ಚಬೇಡಿ. ಹೊಲಿಗೆಯ ಮೇಲಿನ ಪಟ್ಟಿ ಬಟ್ಟೆಯಷ್ಟು ಹಿಗ್ಗದಿದ್ದರೆ ಅದೇ ಒಂದು ಬಳೆಯಾಗಿ ಹಿಮ್ಮಡಿಯನ್ನು ಹಿಡಿದು ನಿಲ್ಲಿಸುತ್ತದೆ. ಮೊದಲು ದಾರ ಚಟ್ ಎನ್ನುವುದೂ ಅಲ್ಲಿಯೇ.

ಒಳಲೈನಿಂಗ್ ಬಗ್ಗೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ಫೋಮಿನ ಸೂಟು ರೂಪಿಸಿದ ಕಾಲದಲ್ಲಿ ಲೈನಿಂಗ್ ಇರಲಿಲ್ಲ. ಬರಿಯ ರಬ್ಬರು ಚರ್ಮಕ್ಕೆ ಅಂಟಿ ಹರಿಯುತ್ತಿದ್ದುದರಿಂದ ಟಾಲ್ಕಮ್ ಪೌಡರ್ ಉದುರಿಸಿಕೊಂಡು ತೊಡುತ್ತಿದ್ದರು. ನೈಲಾನ್ ಬಟ್ಟೆ ಅಂಟಿಸಿದ ಮೇಲೆ ಆ ಪಾಡು ತಪ್ಪಿತು. ಉಸಿರು ಬಿಗಿಹಿಡಿದು ಮುಳುಗುವವರ ಸೂಟಿನಲ್ಲಿ ಇಂದಿಗೂ ಒಳಮುಖ ಬರಿಯ ಫೋಮು. ಜಿಪ್ ಇಲ್ಲ, ಪ್ಯಾಂಟ್ ಬೇರೆ, ಅಂಗಿ ಬೇರೆ. ಅವರು ನೀರಿಗೆ ಸ್ವಲ್ಪ ಶಾಂಪೂ ಅಥವಾ ಕಂಡಿಷನರ್ ಬೆರೆಸಿ ಒಳಗೆ ಸುರಿದುಕೊಂಡು ತೊಡುತ್ತಾರೆ, ಸೂಟು ಬೆಣ್ಣೆಯಂತೆ ಜಾರುತ್ತದೆ. ಒಣಗಿದ್ದಾಗ ಎಳೆದರೆ ಮಾತ್ರ ಹರಿಯುವುದು ಖಚಿತ. ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಎಂದು ನಿಮ್ಮ ಕೈಪಿಡಿಯಲ್ಲಿ ಎಂದೂ ಬರೆಯಬೇಡಿ, ಅದು ರಬ್ಬರಿಗೂ ಅಂಟಿಗೂ ಒಳ್ಳೆಯದಲ್ಲ. ನೀರಿನಲ್ಲಿ ಕರಗುವ ಲೂಬ್ರಿಕಂಟ್ ಸರಿ.

ಜಾರುವ ಬಟ್ಟೆಯನ್ನು ಇಡೀ ಸೂಟಿಗೆ ಹಾಕುವುದು ಹೊಸಬರ ಸಾಮಾನ್ಯ ತಪ್ಪು. ತೊಡುವಾಗ ಖುಷಿಯಾಗುತ್ತದೆ. ನೀರಿಗಿಳಿದ ಮೇಲೆ ಸೂಟು ಕೆಳಗೆ ಸರಿಯುತ್ತದೆ, ಕಂಕುಳಲ್ಲಿ ಚೀಲದಂತೆ ಜೋತುಬೀಳುತ್ತದೆ, ತೋಳು ಎತ್ತಿದಾಗಲೆಲ್ಲ ಇಡೀ ಮುಂಡವೇ ಮೇಲೆ ಬರುತ್ತದೆ. ಮುಂಗೈ, ಮೀನಖಂಡ, ಭುಜದ ಹಿಂಭಾಗ ಈ ಮೂರಕ್ಕೆ ಮಾತ್ರ ನುಣುಪು ಬಟ್ಟೆ ಕೊಟ್ಟು, ಸೊಂಟದ ಹಿಂಭಾಗಕ್ಕೆ ತುಸು ಹಿಡಿತ ಇರುವ ಬಟ್ಟೆ ಕೊಡಿ.

ಇನ್ನು ಜಿಪ್. ಬೆನ್ನಿನ ಮೇಲೆ 50 ಸೆಂ.ಮೀ. ಲಂಬ ಜಿಪ್ ಎಂದರೆ ಕುತ್ತಿಗೆಯ ಬಾಯಿಗೆ 100 ಸೆಂ.ಮೀ. ಸುತ್ತಳತೆ ಸೇರಿದಂತೆ. ಸೊಂಟ, ಭುಜ ಯಾವುದಕ್ಕೂ ಬಟ್ಟೆ ಹಿಗ್ಗಬೇಕಿಲ್ಲ. ಆದರೆ ಜಿಪ್ ಉದ್ದಕ್ಕೆ ಒಂದಿಷ್ಟೂ ಹಿಗ್ಗುವುದಿಲ್ಲ, ಮುಂದಕ್ಕೆ ಬಾಗಿದಾಗ ಬೆನ್ನಿನ ಚರ್ಮ ಹಲವು ಸೆಂ.ಮೀ. ಉದ್ದವಾಗುತ್ತದೆ, ಆ ಎಳೆತವೆಲ್ಲ ಭುಜಕ್ಕೆ ಬೀಳುತ್ತದೆ. ಎದೆಯ ಮೇಲಿನ ಅಡ್ಡ ಜಿಪ್‌ನಲ್ಲಿ ನೀರು ಕಡಿಮೆ ಬರುತ್ತದೆ, ಬೆನ್ನು ಸ್ವತಂತ್ರ, ಆದರೆ ಬಾಯಿ ಚಿಕ್ಕದು. ಭುಜ ಹೊರತೆಗೆಯುವಾಗ ಒಂದು ಕ್ಷಣ ಮೊಣಕೈ ಒಳಗೇ ಸಿಕ್ಕಿಕೊಂಡಂತಾಗುತ್ತದೆ. ಈ ಮಾದರಿ ಆರಿಸಿದರೆ ನಿಮ್ಮಲ್ಲಿರುವ ಅತಿ ಹಿಗ್ಗುವ ಬಟ್ಟೆಯನ್ನು ಭುಜಕ್ಕೂ ಕುತ್ತಿಗೆಯ ಹಿಂಭಾಗಕ್ಕೂ ಖರ್ಚು ಮಾಡಿ. ಭುಜದ ಚಲನೆ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ ಬೆನ್ನಿನ ಜಿಪ್ ಎಟುಕುವುದೇ ಇಲ್ಲ. ಮುಂದಿನ ಲಂಬ ಜಿಪ್ ಒಳ್ಳೆಯದು. ಕುಳಿತೇ ತೊಡಬೇಕಾದವರಿಗೆ ಒಂದೇ ತುಂಡಿನ ಸೂಟಿಗಿಂತ ಸೊಂಟದಲ್ಲಿ ಬೇರೆಯಾಗುವ ಎರಡು ತುಂಡಿನದು ಎಷ್ಟೋ ಮೇಲು.

ಯಾವ ಜಿಪ್ ಆದರೂ ಅಚ್ಚು ಹೊಯ್ದ ದೊಡ್ಡ ಪ್ಲಾಸ್ಟಿಕ್ ಹಲ್ಲಿನದಿರಲಿ, ಉಪ್ಪುನೀರಿನಲ್ಲಿ ಲೋಹದ ಹಲ್ಲು ಬೇಗ ಹಾಳಾಗಬಹುದು. ಹೆಚ್ಚಾಗಿ ಹರಿಯುವುದು ಜಿಪ್ ಮುಗಿಯುವ ಜಾಗ. ಅಲ್ಲಿ ಅರ್ಧಚಂದ್ರಾಕಾರದ, ಹಿಗ್ಗುವ ತೇಪೆಯನ್ನು ಒಳಗಿನಿಂದ ಅಂಟಿಸಿ. ಚೌಕ ತೇಪೆಯಾದರೆ ಹರಿತ ಅದರ ಮೂಲೆಯಿಂದ ಶುರುವಾಗುತ್ತದೆ. ಜಿಪ್ ಹಿಂದಿನ ಮಡಿಕೆ 7 ಸೆಂ.ಮೀ. ಅಗಲ ಇರಲಿ, ಹಲ್ಲಿನ ಪಕ್ಕದ 2 ಸೆಂ.ಮೀ.ಗೆ ಗಟ್ಟಿ ಪಟ್ಟಿ ಹೊಲಿಯಿರಿ, ಇಲ್ಲದಿದ್ದರೆ ಮಡಿಕೆ ಹಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಬಿಚ್ಚುವುದು ಬೇರೆಯೇ ಸಮಸ್ಯೆ. ನೀರಿನಿಂದ ಈಗಷ್ಟೇ ಬಂದಾಗ ಒಳಗಿನ ನೀರೇ ಲೂಬ್ರಿಕಂಟ್. ಕೆಲವು ನಿಮಿಷ ಬಿಟ್ಟರೆ ನೀರು ಇಳಿದುಹೋಗಿ ಒದ್ದೆ ಬಟ್ಟೆ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಜತೆಗೆ ನುಣುಪು ಅಂಚು ಗಾಳಿಯನ್ನು ಒಳಗೆ ಬಿಡುವುದಿಲ್ಲ, ಎಳೆದಾಗ ಹೀರಿಕೊಂಡಂತೆ ಹಿಂದಕ್ಕೆ ಜಗ್ಗುತ್ತದೆ. ಒಂದು ಬೆರಳು ತೂರಿಸಿ ಅಂಚನ್ನು ಎತ್ತಿದರೆ ಗಾಳಿ ನುಗ್ಗಿ ಅಂಚು ಸಡಿಲವಾಗುತ್ತದೆ. ಆ ಬೆರಳಿಗೆ ಜಾಗ ಕೊಡಿ: ಅಂಚಿನ ಹೊರಬದಿಯಲ್ಲಿ 2.5 ಸೆಂ.ಮೀ.ನ ಚಿಕ್ಕ ಕಿವಿ, ಗ್ಲೌಸ್ ಹಾಕಿದ ಕೈಗೂ ಸಿಗುವಂತೆ. ಅದು ಅಂಚು ಎತ್ತುವುದಕ್ಕೆ, ಎಳೆಯುವುದಕ್ಕಲ್ಲ. ತೋಳಿನ ತುದಿ ಹಿಡಿದು ಎಳೆದರೆ ಮೊದಲು ಹೇಳಿದಂತೆ ಕೊಳವೆ ಕುಗ್ಗಿ ಕಚ್ಚುತ್ತದೆ. ಭುಜದಿಂದ ಮಗುಚುತ್ತಾ ಬಂದರೆ ಚರ್ಮದ ಮೇಲೆ ಬಟ್ಟೆ ಜಾರುವುದೇ ಇಲ್ಲ, ಸಿಪ್ಪೆ ಸುಲಿದಂತೆ ಬರುತ್ತದೆ. ಕಿವಿಯನ್ನು ಬರಿ ಹೊಲಿಗೆಯಿಂದ ನಿಲ್ಲಿಸಬೇಡಿ, 3 ಸೆಂ.ಮೀ. ಅಗಲದ ತೇಪೆಯ ಮೇಲೆ ಕೂರಿಸಿ. ಇಂಥ ಹಿಡಿಕೆ ಇಲ್ಲದಿದ್ದರೆ ಜನ ಉಗುರಿನಿಂದ ಚಿವುಟಿ ಎಳೆಯುತ್ತಾರೆ, ನುಣುಪು ರಬ್ಬರಿನ ಮೇಲೆ ಅರ್ಧಚಂದ್ರದಂಥ ಸೀಳುಗಳು ಬೀಳುತ್ತವೆ.

ಮಾದರಿ ಮಾಡುವಾಗ ಮೊದಲೇ ಇಡೀ ಸೂಟು ಹೊಲಿಯಬೇಡಿ. ನಿಯೋಪ್ರೀನ್ ಹಾಳೆಯಿಂದ 5 ಸೆಂ.ಮೀ. ಅಗಲದ ಪಟ್ಟಿಗಳನ್ನು ಉದ್ದಕ್ಕೊಂದು, ಅಡ್ಡಕ್ಕೊಂದು ಕತ್ತರಿಸಿ, 1 ಕೆ.ಜಿ. ತೂಗುಹಾಕಿ, ಒಂದು ನಿಮಿಷ ಬಿಟ್ಟು ಎಷ್ಟು ಹಿಗ್ಗಿತು ಅಳೆಯಿರಿ. (ಈ ತೂಕ ಮೇಲಿನ ಲೆಕ್ಕದ ಮಿ.ಮೀ.ಗೆ 0.2 ನ್ಯೂಟನ್‌ಗೆ ಹೆಚ್ಚುಕಡಿಮೆ ಸಮ.) ತೂಕ ತೆಗೆದ ಮೇಲೆ ಮೊದಲಿನ ಉದ್ದಕ್ಕೆ ಮರಳಿತೇ ಎಂಬುದನ್ನೂ ನೋಡಿ. ಹೆಚ್ಚು ಹಿಗ್ಗುವ ದಿಕ್ಕು ಕೈಕಾಲಿನ ಸುತ್ತಕ್ಕೆ ಬರಬೇಕು. ಹಾಳೆ ಉಳಿಸಲು ಪ್ಯಾಟರ್ನನ್ನು ತಿರುಗಿಸಿ ಇಟ್ಟರೆ ಒಂದೇ ಅಳತೆಯ ಎರಡು ಕಾಲುಗಳಲ್ಲಿ ಒಂದು ಸಲೀಸು, ಇನ್ನೊಂದು ಗೋಳು.

ಆಮೇಲೆ ಮೊಣಕಾಲಿನಿಂದ ಕೆಳಗಿನ 40 ಸೆಂ.ಮೀ. ಕೊಳವೆ ಮಾತ್ರ ನಾಲ್ಕೈದು ಬಗೆಯಲ್ಲಿ ಮಾಡಿ. ಅಂಚುಗಳಿಗೆ ನಿಯೋಪ್ರೀನ್ ಅಂಟು ಎರಡು ಸಲ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ, ಸೂಜಿ ಅರ್ಧ ದಪ್ಪದವರೆಗೆ ಮಾತ್ರ ಇಳಿಯುವ ಹಾಗೆ ಹೊಲಿಯಿರಿ. ಸೂಜಿ ಆಚೆಗೆ ತೂರಿದರೆ ಪ್ರತಿ ತೂತಿನಿಂದಲೂ ನೀರು.

ಪರೀಕ್ಷೆಯನ್ನು ಒಣ ಮೈ ಒಣ ಸೂಟು, ಒಣ ಮೈ ಒದ್ದೆ ಸೂಟು, ಎರಡೂ ಒದ್ದೆ ಹೀಗೆ ಮೂರು ಸ್ಥಿತಿಯಲ್ಲೂ ಮಾಡಿ. ನಿನ್ನೆಯ ಒದ್ದೆ ಸೂಟನ್ನು ಇಂದು ತೊಡುವುದೇ ಅತಿ ಕಠಿಣ. ಸಮಯ ಒಂದನ್ನೇ ಬರೆದುಕೊಂಡರೆ ಮೋಸ ಹೋಗುತ್ತೀರಿ, ಅಭ್ಯಾಸವಾದವರು ಕೆಟ್ಟ ಸೂಟನ್ನೂ ಬೇಗ ತೊಡುತ್ತಾರೆ. ಎಷ್ಟು ಸಲ ಹಿಡಿತ ಬದಲಿಸಿದರು ಎಂದು ಎಣಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಗರಿಷ್ಠ ಎಳೆತ ಅಳೆಯಿರಿ. ನೀರು ಎಷ್ಟು ಬಂತು ಎಂಬುದಕ್ಕೆ ಸೂಟಿನೊಳಗೆ ಒಣ ಹತ್ತಿ ಬನಿಯನ್ ತೊಡಿಸಿ, ಐದು ನಿಮಿಷ ನೀರಿನಲ್ಲಿ ಕೈಕಾಲು ಆಡಿಸಲು ಹೇಳಿ, ಮುಂಚಿನ ಮತ್ತು ಆಮೇಲಿನ ತೂಕ ಹೋಲಿಸಿ. ಬಿಚ್ಚುವ ಪರೀಕ್ಷೆಗೆ ಮುಂಚೆ ಎರಡೂ ಕೈಗಳನ್ನು ಕೆಲ ನಿಮಿಷ ತಣ್ಣೀರಿನಲ್ಲಿ ಇರಿಸಿರಬೇಕು. ಬೆಚ್ಚಗಿನ ಬೆರಳಿಗೆ ಸುಲಭವಾಗಿ ಸಿಕ್ಕ ಕಿವಿ ಮರಗಟ್ಟಿದ ಬೆರಳಿಗೆ ಸಿಗದಿದ್ದರೆ ಅದನ್ನು ಒಂದು ಸೆಂ.ಮೀ. ದೊಡ್ಡದು ಮಾಡಿ, ಮತ್ತೆ ಹೊಲಿಯಿರಿ.