ರಾತ್ರಿ ಮಲಗಿದ್ದಾಗ ಇದ್ದಕ್ಕಿದ್ದಂತೆ ಗಂಟಲು ಬಿಗಿದು ಉಸಿರು ಕಟ್ಟುತ್ತದೆ, ಏನು ಮಾಡಲಿ?

ಇದು ಲ್ಯಾರಿಂಗೋಸ್ಪಾಸಂ ಇರಬಹುದು. ಧ್ವನಿತಂತುಗಳು ತಟಕ್ಕನೆ ಮುಚ್ಚಿಕೊಂಡು, ಉಸಿರು ಎಳೆಯುವಾಗ ಕೀರಲು ಸದ್ದು ಬರುತ್ತದೆ. ಜೀವವೇ ಹೋಯಿತು ಅನ್ನಿಸಿದರೂ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ತಾನಾಗಿಯೇ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಬಾಯಿ ತೆರೆದು ಜೋರಾಗಿ ಗಾಳಿ ಎಳೆಯಬೇಡಿ, ಬಿಗಿತ ಹೆಚ್ಚುತ್ತದೆ. ನೇರ ಕುಳಿತು, ಭುಜ ಸಡಿಲ ಬಿಟ್ಟು, ಹೂವಿನ ವಾಸನೆ ನೋಡುವಷ್ಟು ಮೆಲ್ಲಗೆ ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಿ. ಮನೆಯವರಿಗೂ ಮೊದಲೇ ಹೇಳಿಡಿ, ಗಾಬರಿಯಲ್ಲಿ ನೀರು ಕುಡಿಸಬಾರದು.

ಬಹಳ ಜನರಲ್ಲಿ ಇದರ ಮೂಲ ಗಂಟಲಿಗೆ ಏರುವ ಹೊಟ್ಟೆಯ ಆಮ್ಲ. ಊಟಕ್ಕೂ ನಿದ್ದೆಗೂ 3 ಗಂಟೆ ಅಂತರವಿರಲಿ, ಮಂಚದ ತಲೆಭಾಗ ಎತ್ತರಿಸಿ. ಇಎನ್‌ಟಿ ವೈದ್ಯರಿಗೆ ಒಮ್ಮೆ ಗಂಟಲು ತೋರಿಸಲೇಬೇಕು, ದಯವಿಟ್ಟು ಮುಂದೂಡಬೇಡಿ. ತುಟಿ ನೀಲಿಗಟ್ಟಿದರೆ, ನಾಲಿಗೆ ಊದಿಕೊಂಡರೆ, ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಿ.